ಮನೆವಾರ್ತೆ: ಔಷಧದ ಸೀಸೆಯೂ ಕಾಯಿದೆಯ ಉಪಾಧ್ಯಾಯರೂ

ತುಮಕೂರು ರಸ್ತೆಗೆ ಹೊರವರ್ತುಲ ರಸ್ತೆ ಬಂದು ಕೂಡುವ ಗೊರಗುಂಟೆಪಾಳ್ಯದಲ್ಲಿ, ಸಂಜೆ ಆರು ಗಂಟೆಯ ಮೇಲೆ ಔಷಧದಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಬೇಕು. ಪೀಣ್ಯದ ಕಾರ್ಖಾನೆಗಳಲ್ಲಿಯೂ ಗಾರ್ಮೆಂಟ್ಸುಗಳಲ್ಲಿಯೂ ಹಗಲೆಲ್ಲ ದುಡಿದ ಹೆಣ್ಣುಮಕ್ಕಳು ಬಸ್ಸಿಗಾಗಿ ಓಡುವ ಅವಸರದಲ್ಲಿ, "ತಲೆನೋವಿಗೆ ಎರಡು ಮಾತ್ರೆ ಕೊಡಿ" ಎಂದು ಕೈಚಾಚುತ್ತಾರೆ. ಅಂಗಡಿಯಾತನು ಹತ್ತು ಮಾತ್ರೆಗಳ ಪಟ್ಟಿಯಿಂದ ಎರಡನ್ನು ಕತ್ತರಿಸಿ ಕೊಡುತ್ತಾನೆ. ತಯಾರಿಸಿದವರ ಹೆಸರು, ಬ್ಯಾಚಿನ ಸಂಖ್ಯೆ, ಅವಧಿ ಮುಗಿಯುವ ತಿಂಗಳು, ಇವೆಲ್ಲ ಅಂಗಡಿಯಲ್ಲುಳಿದ ತುಂಡಿನ ಮೇಲೆಯೇ ಉಳಿದುಬಿಡುವುದುಂಟು. ಕೊಂಡವರ ಕೈಗೆ ಬಂದದ್ದು ಹೆಸರಿಲ್ಲದ ಎರಡು ಬಿಳಿಯ ಬಿಲ್ಲೆಗಳು. ತಲೆನೋವು ವಾಸಿಯಾದರೆ ಸರಿಯೇ ಸರಿ. ವಾಸಿಯಾಗದೆ ಬೇರೇನಾದರೂ ಆದರೆ, ಯಾರನ್ನು ಕೇಳುವುದು?

ಕಳೆದ ತಿಂಗಳು ನಮ್ಮ ನೆರೆಮನೆಯ ಗೃಹಸ್ಥರೊಬ್ಬರು ಭಾನುವಾರದ ಬೆಳಿಗ್ಗೆ ನಮ್ಮಲ್ಲಿಗೆ ಬಂದರು. ಪೀಣ್ಯದಲ್ಲಿ ಲೇತ್ ಯಂತ್ರದ ಮೇಲೆ ಮೂವತ್ತು ವರ್ಷ ದುಡಿದು ಮನೆ ಕಟ್ಟಿಸಿದವರು, ವೃಥಾ ಮಾತನಾಡುವವರಲ್ಲ. ಕಾಫಿಯ ಲೋಟವನ್ನು ಕೆಳಗಿಟ್ಟು ಹೀಗೆಂದರು:

"ರಾಯರೇ, ನಮ್ಮ ಹುಡುಗಿ ಲಾ ಮುಗಿಸಿದಳಲ್ಲ. ಹೈಕೋರ್ಟಿಗೆ ಹೋಗುತ್ತಾಳೆಂದು ನಾವಿದ್ದೆವು. ಈಗ ನೋಡಿದರೆ, ಆಹಾರ ಮತ್ತು ಔಷಧದ ಕಾನೂನನ್ನೇ ಮೇಲಕ್ಕೆ ಓದಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ ಎನ್ನುತ್ತಾಳೆ. ಔಷಧ ನೋಡುವುದಕ್ಕೆ ಡಾಕ್ಟರಿದ್ದಾರೆ, ಅನ್ನ ನೋಡುವುದಕ್ಕೆ ಅಡಿಗೆಯವರಿದ್ದಾರೆ. ನಡುವೆ ಲಾಯರಿಗೇನು ಕೆಲಸ? ಅದೂ ಪಾಠ ಹೇಳುವ ಲಾಯರಿಗೆ?"

ಹುಡುಗಿ ಬಾಗಿಲ ಬಳಿಯೇ ನಿಂತಿದ್ದಳು. ಏನೂ ಮಾತನಾಡಲಿಲ್ಲ. ಆ ದಿನ ಅವರಿಗೆ ನಾವು ಹೇಳಿದ್ದನ್ನೂ, ಆಮೇಲೆ ಪುಸ್ತಕ ತೆರೆದು ನೋಡಿ ಸೇರಿಸಿಕೊಂಡದ್ದನ್ನೂ ವಾಚಕ ಮಹಾಶಯರ ಮುಂದೆ ಇಡುತ್ತಿದ್ದೇವೆ. ಇಂಥ ಪ್ರಶ್ನೆ ಆ ಒಂದು ಮನೆಯದೇ ಆಗಿರಲಾರದು.

ಈ ವಿದ್ಯೆಯನ್ನೇ ಬಾಳಿನ ಕೆಲಸವನ್ನಾಗಿ ಮಾಡಿಕೊಂಡ ಉಪಾಧ್ಯಾಯರು ಹೆಚ್ಚಾಗಿ ಕಾಣಬರುವುದು ಅಮೆರಿಕದಲ್ಲಿ. ಆದುದರಿಂದ ಮೊದಲು ಅಲ್ಲಿಗೆ ಹೋಗಿ, ಬಳಿಕ ನಮ್ಮ ಊರಿಗೆ ಬರೋಣ. 1933ರಲ್ಲಿ ಆ ದೇಶದಲ್ಲಿ ಆಹಾರೌಷಧಗಳಿಗೆ ಇದ್ದ ಕಾಯಿದೆ 1906ರದು, ಹಳೆಯದು, ಹಲ್ಲಿಲ್ಲದ್ದು. ರೆಪ್ಪೆಗೂದಲಿಗೆ ಹಚ್ಚುವ ಬಣ್ಣದಿಂದ ಹೆಂಗಸರ ಕಣ್ಣು ಹೋದರೂ ಸರ್ಕಾರದವರು ಅದರ ಮಾರಾಟವನ್ನು ತಡೆಯುವಂತಿರಲಿಲ್ಲ. ಏಕೆಂದರೆ ಅಲಂಕಾರದ ವಸ್ತುಗಳು ಆ ಕಾಯಿದೆಯೊಳಗೆ ಬರುತ್ತಲೇ ಇರಲಿಲ್ಲ. ಹೊಸ ಮಸೂದೆಯನ್ನು ಬರೆದುಕೊಡಿರೆಂದು ಆಗ ಸರ್ಕಾರದವರು ಕೇಳಿಕೊಂಡದ್ದು ವೈದ್ಯರನ್ನಲ್ಲ, ರಸಾಯನ ಶಾಸ್ತ್ರಜ್ಞರನ್ನಲ್ಲ. ಕೊಲಂಬಿಯ ವಿಶ್ವವಿದ್ಯಾನಿಲಯದ ಮಿಲ್ಟನ್ ಹ್ಯಾಂಡ್ಲರ್, ಡ್ಯೂಕ್ ವಿಶ್ವವಿದ್ಯಾನಿಲಯದ ಡೇವಿಡ್ ಕ್ಯಾವರ್ಸ್ ಎಂಬ ಇಬ್ಬರು ಕಾನೂನು ಉಪಾಧ್ಯಾಯರನ್ನು. ಇಬ್ಬರೂ ಆಗ ಮೂವತ್ತರ ಆಸುಪಾಸಿನವರು.

ಮಸೂದೆ ಸೆನೇಟಿನ ಮುಂದೆ ಬಂತು. ಔಷಧ ತಯಾರಕರೂ, ಜಾಹಿರಾತಿನ ಹಣದಿಂದ ನಡೆಯುವ ಪತ್ರಿಕೆಗಳೂ ಅದರ ಮೇಲೆ ಬಿದ್ದರು. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಐದು ವರ್ಷ ಅದು ಅತ್ತಿಂದಿತ್ತ ಎಳೆದಾಡಿತು. ಅದನ್ನು ಸಾಯಗೊಡದೆ ಕಾಪಾಡಿದವರಲ್ಲಿ ಆ ದೇಶದ ಮಹಿಳಾ ಸಂಘಗಳವರು ಮುಖ್ಯರು ಎಂಬುದನ್ನು ನಮ್ಮ ಗೃಹಿಣಿಯರು ಗಮನಿಸಬೇಕು. ಕ್ಯಾವರ್ಸರು ಅಷ್ಟರಲ್ಲಿ ಸುಮ್ಮನೆ ಕುಳಿತಿರಲಿಲ್ಲ. ಡ್ಯೂಕಿನಲ್ಲಿ ಒಂದು ಕಾನೂನು ಪತ್ರಿಕೆಯನ್ನು ಆರಂಭಿಸಿ, ಅದರ ಮೊತ್ತಮೊದಲನೆಯ ಸಂಚಿಕೆಯನ್ನೇ ಆಹಾರೌಷಧಗಳನ್ನು ಕೊಳ್ಳುವವರ ರಕ್ಷಣೆಗೆ ಮೀಸಲಿಟ್ಟರು.

ಹೀಗಿರುವಲ್ಲಿ 1937ರ ಶರತ್ಕಾಲ ಬಂತು. ಟೆನೆಸಿ ಪ್ರಾಂತದ ಒಂದು ಕಂಪೆನಿಯವರು ಸಲ್ಫನಿಲಮೈಡ್ ಎಂಬ ಹೊಸ ಔಷಧವನ್ನು ಮಕ್ಕಳಿಗೆ ಕುಡಿಸಲು ಅನುಕೂಲವಾಗಲೆಂದು ದ್ರವರೂಪಕ್ಕೆ ತಂದರು. ಔಷಧ ಒಳ್ಳೆಯದೇ. ಆದರೆ ಅದನ್ನು ಕರಗಿಸಿದ್ದು ಡಯೆಥಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ. ಅದು ರುಚಿಗೆ ಸಿಹಿ. ಹೊಟ್ಟೆಗೆ ಹೋದರೆ ಮೂತ್ರಪಿಂಡಗಳನ್ನು ಕೆಡಿಸುವ ವಿಷ. ಹಣ್ಣಿನ ವಾಸನೆ ಕಟ್ಟಿ, ಬಣ್ಣ ಕೊಟ್ಟು, ರುಚಿಯನ್ನೂ ನೋಡಿ ಮಾರಿದರು. ವಿಷವೇ ಎಂಬುದನ್ನು ಮಾತ್ರ ಪರೀಕ್ಷಿಸಲಿಲ್ಲ. ಪರೀಕ್ಷಿಸಬೇಕೆಂದು ಯಾವ ಕಾಯಿದೆಯೂ ಹೇಳುತ್ತಿರಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರು ಮಕ್ಕಳು.

ಇಲ್ಲಿ ನಮ್ಮ ನೆರೆಯವರ ಪ್ರಶ್ನೆಗೆ ಉತ್ತರವಿದೆ. ಸರ್ಕಾರದ ಇನ್‌ಸ್ಪೆಕ್ಟರುಗಳು ಊರೂರು ತಿರುಗಿ ಸೀಸೆಗಳನ್ನು ವಶಪಡಿಸಿಕೊಂಡರಷ್ಟೆ. ಯಾವ ಆಧಾರದ ಮೇಲೆ? ವಿಷ ಮಾರಿದರೆಂಬ ಆಧಾರದ ಮೇಲಲ್ಲ. ಆ ಸೀಸೆಯ ಚೀಟಿಯ ಮೇಲೆ 'ಎಲಿಕ್ಸಿರ್' ಎಂದು ಬರೆದಿತ್ತು, ಎಲಿಕ್ಸಿರ್ ಎಂದರೆ ಅದರಲ್ಲಿ ಮದ್ಯಸಾರ ಇರಬೇಕು, ಇದರಲ್ಲಿ ಇರಲಿಲ್ಲ, ಆದುದರಿಂದ ಚೀಟಿ ಸುಳ್ಳು. ಇಷ್ಟೇ ಅಪರಾಧ! 'ದ್ರಾವಣ' ಎಂದು ಬರೆದಿದ್ದರೆ ಒಂದು ಸೀಸೆಯನ್ನೂ ಮುಟ್ಟುವಂತಿರಲಿಲ್ಲ. ವಿಷವನ್ನು ಕಂಡುಹಿಡಿಯುವುದು ವೈದ್ಯರ ಮತ್ತು ರಸಾಯನ ಶಾಸ್ತ್ರಜ್ಞರ ಕೆಲಸ. ಕಂಡುಹಿಡಿದ ಮೇಲೆ ಅದನ್ನು ಅಂಗಡಿಯಿಂದ ತೆಗೆಸುವುದು ಒಂದು ಶಬ್ದದ ಮೇಲೆ ನಿಲ್ಲುತ್ತದೆ. ಆ ಶಬ್ದವನ್ನು ಬರೆದವರು ಯಾರು, ಎಷ್ಟು ಯೋಚಿಸಿ ಬರೆದರು ಎಂಬುದರ ಮೇಲೆ ಮಕ್ಕಳ ಪ್ರಾಣವೂ ನಿಲ್ಲುತ್ತದೆ.

ಮರುವರ್ಷ ಜೂನ್ 25ರಂದು ಅಧ್ಯಕ್ಷ ರೂಸ್‌ವೆಲ್ಟರು ಹೊಸ ಕಾಯಿದೆಗೆ ರುಜು ಹಾಕಿದರು. ಹೊಸ ಔಷಧವನ್ನು ಮಾರುವುದಕ್ಕೆ ಮೊದಲು, ಅದು ನಿರಪಾಯವಾದುದೆಂದು ತಯಾರಿಸಿದವರೇ ತೋರಿಸಬೇಕೆಂಬ ನಿಯಮ ಅದರಲ್ಲಿ ಬಂತು. ಕ್ಯಾವರ್ಸರು 1939ರಲ್ಲಿ ಆ ಕಾಯಿದೆಯ ಚರಿತ್ರೆಯನ್ನು ವಿವರವಾಗಿ ಬರೆದು, ಮುಂದೆ ಹಾರ್ವರ್ಡಿಗೆ ಹೋಗಿ ಬಹುಕಾಲ ಪಾಠ ಹೇಳಿದರು.

ಅವರ ತರುವಾಯದವರಲ್ಲಿ ಪೀಟರ್ ಬಾರ್ಟನ್ ಹಟ್ ಎಂಬವರ ಹೆಸರನ್ನು ಹೇಳಬೇಕು. ಹಾರ್ವರ್ಡಿನಲ್ಲಿ ಕಾನೂನು ಮುಗಿಸಿ, ಅನಂತರ ನ್ಯೂಯಾರ್ಕಿನಲ್ಲಿ ಈ ಹುಡುಗಿ ಕೇಳುತ್ತಿರುವ ವಿಷಯವನ್ನೇ ವಿಶೇಷವಾಗಿ ಓದಿದವರು. 1971ರಿಂದ 1975ರವರೆಗೆ ಅಮೆರಿಕದ ಆಹಾರೌಷಧ ಇಲಾಖೆಯ ಮುಖ್ಯ ವಕೀಲರಾಗಿದ್ದರು. ವೈದ್ಯರ ಚೀಟಿಯಿಲ್ಲದೆ ಮಾರುವ ಔಷಧಗಳನ್ನೆಲ್ಲ ತಜ್ಞರ ಮಂಡಲಿಗಳಿಂದ ಒಂದೊಂದಾಗಿ ಪರಿಶೀಲಿಸುವ ಏರ್ಪಾಡು 1972ರಲ್ಲಿ ಆರಂಭವಾಯಿತು. ಆಹಾರದ ಪೊಟ್ಟಣದ ಮೇಲೆ ಪುಷ್ಟಿಯ ಅಂಶಗಳನ್ನು ಹೇಗೆ ಅಚ್ಚುಹಾಕಬೇಕೆಂಬ ನಿಯಮಗಳು 1973ರಲ್ಲಿ ಬಂದವು. ಎರಡೂ ಅವರ ಕಾಲದವು. ಇಂದು ನಮ್ಮ ಮಕ್ಕಳು ತಿನ್ನುವ ಬಿಸ್ಕತ್ತಿನ ಪೊಟ್ಟಣದ ಬೆನ್ನಮೇಲೆ ಸಕ್ಕರೆ ಎಷ್ಟು, ಕೊಬ್ಬು ಎಷ್ಟು ಎಂದು ಕಾಣುವ ಪಟ್ಟಿಯ ಮನೆತನದ ಹಿರಿಯರಲ್ಲಿ ಆ ನಿಯಮಗಳೂ ಸೇರಿವೆ. 1980ರಲ್ಲಿ ಅವರೂ, ಅದೇ ಹುದ್ದೆಯಲ್ಲಿ ಅವರ ಹಿಂದೆಯೇ ಬಂದ ರಿಚರ್ಡ್ ಮೆರಿಲ್ ಎಂಬ ಪ್ರಾಧ್ಯಾಪಕರೂ ಸೇರಿ ಈ ವಿಷಯಕ್ಕೊಂದು ದೊಡ್ಡ ಪಠ್ಯಪುಸ್ತಕ ಬರೆದರು. 1994ರಿಂದ ಹಟ್ಟರು ಹಾರ್ವರ್ಡಿನಲ್ಲಿ ಚಳಿಗಾಲದ ಅವಧಿಯಲ್ಲಿ ಈ ಪಾಠವನ್ನೇ ಹೇಳತೊಡಗಿದರು.

ಒಂದು ಮಾತನ್ನು ಮುಚ್ಚಿಡಬಾರದು. ಹಟ್ಟರು ಸರ್ಕಾರಕ್ಕೆ ಮೊದಲೂ ಆಮೇಲೂ ದೊಡ್ಡದೊಂದು ವಕೀಲಿ ಸಂಸ್ಥೆಯಲ್ಲಿದ್ದರು; ಅಲ್ಲಿ ಕಕ್ಷಿಗಾರರು ಕಂಪೆನಿಗಳವರೇ. ಬೆಳಿಗ್ಗೆ ಹೊಲ ಕಾಯುವವನು ಸಂಜೆ ದನ ಮೇಯಿಸುವವನೂ ಆದರೆ ಊರವರು ಸ್ವಲ್ಪ ಸಂಶಯದಿಂದ ನೋಡುವುದು ಸಹಜ. ಆದರೂ ಎರಡು ಕಡೆಯನ್ನೂ ಬಲ್ಲವನು ಬೇಲಿಯ ಕಿಂಡಿ ಎಲ್ಲಿದೆ ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸಬಲ್ಲನು. ನಮಗೆ ಕ್ಯಾವರ್ಸರ ದಾರಿಯೇ ಹೆಚ್ಚು ಹಿಡಿಸಿತು. ಹುಡುಗಿಗೂ ಹಾಗೆಯೇ ಹೇಳಿದೆವು.

ಇದನ್ನೆಲ್ಲ ಕೇಳಿ ನೆರೆಯವರು, "ಅದು ಅಮೆರಿಕ, ಸ್ವಾಮಿ. ನಮ್ಮಲ್ಲಿ ಇದೆಲ್ಲ ಎಲ್ಲಿ?" ಎಂದರು.

ನಮ್ಮಲ್ಲಿಯೂ ಇದೆ. ಕ್ವಿನೈನು ಮೊದಲಾದ ಔಷಧಗಳಲ್ಲಿ ಕಲಬೆರಕೆ ಅತಿಯಾಯಿತೆಂಬ ಕೂಗೆದ್ದು, 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾರವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ಅದರ ಫಲವಾಗಿ 1940ರ ಔಷಧ ಕಾಯಿದೆ ಬಂತು. ಅನೇಕ ತಿದ್ದುಪಡಿಗಳೊಡನೆ ಅದೇ ಇಂದಿಗೂ ನಡೆಯುತ್ತಿದೆ. ಆಹಾರಕ್ಕೆ 1954ರಲ್ಲಿ ಕಲಬೆರಕೆ ತಡೆಯ ಕಾಯಿದೆಯೂ, ಅದರ ಸ್ಥಾನದಲ್ಲಿ 2006ರ ಆಹಾರ ಸುರಕ್ಷತಾ ಕಾಯಿದೆಯೂ ಬಂದಿವೆ.

ಔಷಧದ ಕಾಯಿದೆಯಲ್ಲಿ ಅತಿ ಸ್ವಾರಸ್ಯವಾದ ಭಾಗ ನಮ್ಮ ದೃಷ್ಟಿಯಲ್ಲಿ ಶಿಕ್ಷೆಯದಲ್ಲ; ಮಾದರಿಯನ್ನು ಹಂಚುವ ಭಾಗ. ಇನ್‌ಸ್ಪೆಕ್ಟರು ಅಂಗಡಿಗೆ ಬಂದು ಔಷಧದ ಮಾದರಿಯನ್ನು ಕೊಂಡರೆ, ಅದನ್ನು ನಾಲ್ಕು ಪಾಲುಮಾಡಿ ಮೊಹರು ಮಾಡಬೇಕು. ಒಂದು ಪಾಲು ಅಂಗಡಿಯವನಿಗೇ ಹಿಂದಕ್ಕೆ, ಒಂದು ಸರ್ಕಾರದ ವಿಶ್ಲೇಷಕರಿಗೆ, ಒಂದು ಕೋರ್ಟಿಗೆ, ಇನ್ನೊಂದು ಆ ಔಷಧವನ್ನು ತನಗೆ ಒದಗಿಸಿದವನೆಂದು ಅಂಗಡಿಯವನು ಹೆಸರು ಹೇಳಿದವನಿಗೆ. ಅಣ್ಣತಮ್ಮಂದಿರ ಪಾಲುಪಾರಿಕತ್ತಿನ ಹಾಗಿದೆಯಲ್ಲವೆ? ಕಾರಣವೂ ಅದೇ: ನಾಳೆ ಜಗಳ ಬಂದಾಗ ಎಲ್ಲರ ಕೈಯಲ್ಲಿಯೂ ಅದೇ ವಸ್ತು ಇರಬೇಕು. ವಿಶ್ಲೇಷಕರ ವರದಿಯನ್ನು ಒಪ್ಪದವನು ಅದು ತಲಪಿದ 28 ದಿನಗಳೊಳಗಾಗಿ ತಿಳಿಸಿದರೆ, ಕೋರ್ಟಿನವರು ತಮ್ಮಲ್ಲಿರುವ ಪಾಲನ್ನು ಕೇಂದ್ರ ಪ್ರಯೋಗಶಾಲೆಗೆ ಕಳುಹಿಸಬಹುದು. ಅಲ್ಲಿಂದ ಬಂದ ವರದಿಯೇ ಕೊನೆಯ ಮಾತು. ಆಹಾರಕ್ಕೂ ಹೆಚ್ಚುಕಡಿಮೆ ಇದೇ ಕ್ರಮ. ಆಹಾರದ ವಿಷಯದಲ್ಲಿ ಹೀಗೆ ಕೊನೆಯ ಮಾತು ಹೇಳುವ ಪ್ರಯೋಗಶಾಲೆಗಳಲ್ಲಿ ನಮ್ಮ ಮೈಸೂರಿನ ಆಹಾರ ಸಂಶೋಧನಾಲಯವೂ ಒಂದು ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ.

ಈ ಪಾಲಿನ ಮಹತ್ವವನ್ನು ತೋರಿಸುವ ಮೊಸರಿನ ಮೊಕದ್ದಮೆಯೊಂದುಂಟು. ದೆಹಲಿಯ ಒಬ್ಬ ವ್ಯಾಪಾರಿಯಿಂದ 1961ರಲ್ಲಿ ಹಸುವಿನ ಹಾಲಿನ ಮೊಸರಿನ ಮಾದರಿಯನ್ನು ತೆಗೆದುಕೊಂಡರು. ಮೊಕದ್ದಮೆ ಹೂಡುವ ಹೊತ್ತಿಗೆ ಎಷ್ಟೋ ತಿಂಗಳು ಕಳೆದಿತ್ತು. ವ್ಯಾಪಾರಿಯು ತನ್ನ ಪಾಲನ್ನು ಕೇಂದ್ರ ಪ್ರಯೋಗಶಾಲೆಗೆ ಕಳುಹಿಸಿರೆಂದು ಬೇಡಿದನು. ಕಳುಹಿಸಿದರು. ಮೊಸರು ಕೊಳೆತುಹೋಗಿದೆ, ಪರೀಕ್ಷಿಸಲಾಗದು ಎಂದು ಉತ್ತರ ಬಂತು. ಸುಪ್ರೀಂ ಕೋರ್ಟಿನವರೆಗೂ ಹೋದ ಆ ವ್ಯಾಜ್ಯದಲ್ಲಿ, ಆತನಿಗಿದ್ದ ಹಕ್ಕು ಸರ್ಕಾರದವರ ವಿಳಂಬದಿಂದಲೇ ನಷ್ಟವಾಯಿತು, ಆದುದರಿಂದ ಆತನನ್ನು ಶಿಕ್ಷಿಸಕೂಡದು ಎಂದು ತೀರ್ಮಾನವಾಯಿತು. ಮೊಸರು ಎಷ್ಟು ದಿನ ಕೆಡದೆ ಇರುವುದೆಂಬುದನ್ನು ನಮ್ಮ ಮನೆಯ ಹೆಂಗಸರಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು! ಆದರೆ ಮನೆಯ ಈ ತಿಳುವಳಿಕೆ ಕಾನೂನಿನ ಗ್ರಂಥದೊಳಗೆ ಬರಬೇಕಾದರೆ ಯಾರೋ ಒಬ್ಬರು ಅದನ್ನು ಅಲ್ಲಿ ಬರೆಯಬೇಕು, ವಿದ್ಯಾರ್ಥಿಗಳಿಗೆ ಹೇಳಬೇಕು, ಮುಂದಿನ ಇನ್‌ಸ್ಪೆಕ್ಟರನು ಎಚ್ಚರದಿಂದಿರುವಂತೆ ಮಾಡಬೇಕು.

ಮೊಸರಿನ ಕಥೆಗೆ ನಗಬಹುದು. ಬಳ್ಳಾರಿಯದಕ್ಕೆ ನಗು ಬಾರದು. 2024ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ಬಾಣಂತಿಯರಲ್ಲಿ ಕೆಲವರಿಗೆ ಏಕಾಏಕಿ ಮೈ ಕೆಟ್ಟು, ಒಬ್ಬರ ಹಿಂದೊಬ್ಬರಂತೆ ಐವರು ತೀರಿಕೊಂಡರು. ಅವರ ನರಕ್ಕೆ ಹನಿಸಿದ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ್ರವದ ಮೇಲೆ ಸಂಶಯ ಬಂತು. ರಾಜ್ಯದ ಔಷಧ ನಿಯಂತ್ರಕರನ್ನು ಸರ್ಕಾರದವರು ಅಮಾನತಿನಲ್ಲಿಟ್ಟರು. ಆಗ ಬೆಳಕಿಗೆ ಬಂದ ಸಂಗತಿ ಏನೆಂದರೆ, ಆ ಕಂಪೆನಿಯ ದ್ರವದ ಹಲವು ಬ್ಯಾಚುಗಳನ್ನು ನಮ್ಮ ರಾಜ್ಯದ ಪ್ರಯೋಗಶಾಲೆಯವರು ಮೊದಲೇ ಗುಣಮಟ್ಟಕ್ಕೆ ತಕ್ಕುದಲ್ಲವೆಂದಿದ್ದರು. ಅವುಗಳಲ್ಲಿ ಕೆಲವನ್ನು ಕಲ್ಕತ್ತೆಯ ಕೇಂದ್ರ ಪ್ರಯೋಗಶಾಲೆಯವರು ಸರಿಯಾಗಿವೆಯೆಂದಿದ್ದರು. ಒಂದೇ ದ್ರವ, ಎರಡು ಮಾತು. ಮೇಲೆ ಹೇಳಿದ ಕಾಯಿದೆಯಂತೆ ಕೇಂದ್ರದವರ ಮಾತೇ ಕೊನೆಯದು.

ನಾವು ಯಾರ ಮೇಲೂ ತೀರ್ಪು ಕೊಡುವವರಲ್ಲ. ಆದರೆ ಎರಡು ಪ್ರಯೋಗಶಾಲೆಗಳು ಎರಡು ಮಾತನಾಡಿದಾಗ ಆಸ್ಪತ್ರೆಯ ಉಗ್ರಾಣದಲ್ಲಿರುವ ಚೀಲಗಳ ಗತಿಯೇನು? ಜಗಳ ತೀರುವವರೆಗೆ ಅವುಗಳನ್ನು ಕಟ್ಟಿಡಬೇಕೆ, ಬಾಣಂತಿಯರಿಗೆ ಹನಿಸಬಹುದೆ? ಕೊನೆಯ ಮಾತು ಹೇಳುವವರು ತಪ್ಪಿದರೆ ಅದನ್ನು ತಿದ್ದುವವರು ಯಾರು? ಇವು ವೈದ್ಯರು ಬಿಡಿಸುವ ಒಗಟುಗಳಲ್ಲ. ವಿಷದ ಕಥೆಯೂ 1937ಕ್ಕೇ ಮುಗಿಯಲಿಲ್ಲ: ಅದೇ ಡಯೆಥಿಲೀನ್ ಗ್ಲೈಕಾಲು 1986ರಲ್ಲಿ ಬೊಂಬಾಯಿಯ ಜೆ.ಜೆ. ಆಸ್ಪತ್ರೆಯ ಗ್ಲಿಸರಿನ್ನಿನೊಳಗೆ ಸೇರಿ ಹದಿನಾಲ್ವರು ರೋಗಿಗಳನ್ನು ಬಲಿ ತೆಗೆದುಕೊಂಡಿತು. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡದ ಕಡೆ ಕೆಮ್ಮಿನ ಔಷಧದೊಳಗೆ ಹೊಕ್ಕು ಇಪ್ಪತ್ತಕ್ಕೂ ಹೆಚ್ಚು ಎಳೆಯ ಮಕ್ಕಳನ್ನು ಕೊಂದಿತು.

ನಮ್ಮ ಊರಿನಲ್ಲಿ ಈ ದಾರಿ ಹಿಡಿದವರು ಯಾರೂ ಇಲ್ಲವೇ ಎಂದರೆ, ಇದ್ದಾರೆ. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಓದಿದ ಪ್ರಶಾಂತ್ ರೆಡ್ಡಿಯವರು, ದಿನೇಶ್ ಠಾಕೂರರೊಡನೆ ಸೇರಿ, 2022ರಲ್ಲಿ 'ದಿ ಟ್ರೂತ್ ಪಿಲ್' ಎಂಬ ದೊಡ್ಡ ಗ್ರಂಥವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ್ದಾರೆ. ಠಾಕೂರರು ತಾವು ಕೆಲಸಮಾಡುತ್ತಿದ್ದ ದೊಡ್ಡ ಔಷಧ ಕಂಪೆನಿಯೊಳಗಿನ ಸುಳ್ಳು ದಾಖಲೆಗಳನ್ನು ಬಯಲಿಗೆಳೆದವರು. ಆ ಸಂಬಂಧವಾಗಿ 2013ರಲ್ಲಿ ಕಂಪೆನಿಯವರು ಅಮೆರಿಕದ ಸರ್ಕಾರಕ್ಕೆ 50 ಕೋಟಿ ಡಾಲರು ತೆರಬೇಕಾಯಿತು. ಒಬ್ಬರು ಕಾರ್ಖಾನೆಯನ್ನು ಬಲ್ಲವರು, ಒಬ್ಬರು ಕಾಯಿದೆಯನ್ನು ಬಲ್ಲವರು. ನಮ್ಮ ದೇಶದ ಔಷಧ ನಿಯಂತ್ರಣ ಎಲ್ಲೆಲ್ಲಿ ಸೋರುತ್ತದೆಂಬುದನ್ನು ಆ ಗ್ರಂಥ ಬಿಚ್ಚಿಡುತ್ತದೆ. ಅದನ್ನು ಹುಡುಗಿಯೇ ತನ್ನ ಮನೆಯಿಂದ ತಂದು ಮೇಜಿನ ಮೇಲಿಟ್ಟಳು. ಅಂಚುಗಳಲ್ಲೆಲ್ಲ ಪೆನ್ಸಿಲಿನ ಗುರುತು. ತಂದೆ ಅದನ್ನು ಹಿಂದೆ ನೋಡಿರಲಿಲ್ಲವೆಂದು ತೋರಿತು.

"ಇದನ್ನು ಓದಿ ಕೆಲಸ ಎಲ್ಲಿ ಸಿಕ್ಕೀತಮ್ಮ?" ಎಂದರು ಅವರು, ಈಗ ಸ್ವಲ್ಪ ಮೆತ್ತಗೆ.

"ಅಪ್ಪ, ಪೀಣ್ಯದಲ್ಲಿಯೇ ಸರ್ಕಾರದ ಔಷಧ ಕಾರ್ಖಾನೆ ಇದೆಯಲ್ಲ, ಇಲಾಖೆ ಇದೆ, ಪ್ರಯೋಗಶಾಲೆಗಳಿವೆ, ಕಂಪೆನಿಗಳಿವೆ. ಎಲ್ಲ ಕಡೆಯೂ ಕಾಯಿದೆ ಗೊತ್ತಿರುವವರು ಬೇಕು. ಆದರೆ ಅವರಿಗೆಲ್ಲ ಮೊದಲು ಯಾರಾದರೂ ಪಾಠ ಹೇಳಬೇಕಲ್ಲ?"

ಸಂಬಳದ ವಿಷಯದಲ್ಲಿ ನಾವು ಬಾಯಿ ಹಾಕಲಿಲ್ಲ. ಉಪಾಧ್ಯಾಯರಿಗೆ ಹೈಕೋರ್ಟಿನ ದೊಡ್ಡ ವಕೀಲರ ವರಮಾನ ಬಾರದೆಂಬುದು ಆಕೆಗೂ ಗೊತ್ತು. ಅವಳು ಅದನ್ನು ಯೋಚಿಸಿಯೇ ಇದ್ದಾಳೆ. ತಂದೆಯೂ ಒಂದೆರಡು ತಿಂಗಳು ಯೋಚಿಸಲಿ.

ಇನ್ನು ಗೃಹಸ್ಥರಿಗೆ ನೇರವಾಗಿ ಉಪಯೋಗಕ್ಕೆ ಬರುವ ವಿಚಾರ. ಔಷಧ ಕಾಯಿದೆಯ 26ನೆಯ ಕಲಮಿನಂತೆ, ಔಷಧವನ್ನು ಕೊಂಡ ಯಾರೇ ಆಗಲಿ ಗೊತ್ತಾದ ನಮೂನೆಯಲ್ಲಿ ಅರ್ಜಿ ಬರೆದು, ಗೊತ್ತಾದ ಫೀಜನ್ನು ಕಟ್ಟಿ, ಅದನ್ನು ಸರ್ಕಾರದ ವಿಶ್ಲೇಷಕರಲ್ಲಿ ಪರೀಕ್ಷೆಗೆ ಕೊಟ್ಟು, ಅವರ ರುಜುವಿರುವ ವರದಿಯನ್ನು ಪಡೆಯುವ ಹಕ್ಕುಳ್ಳವರು. ಆ ನಮೂನೆಗೆ 14-ಎ ಎಂದು ಹೆಸರು. ಆಹಾರದ ಕಾಯಿದೆಯಲ್ಲಿಯೂ 40ನೆಯ ಕಲಮಿನಲ್ಲಿ ಇಂಥದೇ ಹಕ್ಕುಂಟು; ಆದರೆ ಅಲ್ಲಿ ಕೊಳ್ಳುವಾಗಲೇ ಅಂಗಡಿಯವನಿಗೆ, "ಇದನ್ನು ಪರೀಕ್ಷೆಗೆ ಕಳುಹಿಸುತ್ತೇನೆ" ಎಂದು ತಿಳಿಸಬೇಕು, ಮತ್ತು ಪದಾರ್ಥ ಕೆಟ್ಟದ್ದೆಂದು ಕಂಡುಬಂದರೆ ಕಟ್ಟಿದ ಫೀಜು ಹಿಂದಕ್ಕೆ ಬರುತ್ತದೆ. ಈ ಹಕ್ಕನ್ನು ಚಲಾಯಿಸಿದ ಒಂದು ಮನೆಯನ್ನೂ ನಾವು ನಮ್ಮ ಬೀದಿಯಲ್ಲಿ ಕಂಡಿಲ್ಲ, ನಾವೂ ಚಲಾಯಿಸಿಲ್ಲ. ಅದಕ್ಕೆ ಬೇಕಾದದ್ದು ಬಹಳವಲ್ಲ: ಬಿಲ್ಲು ಕೇಳಿ ತೆಗೆದುಕೊಳ್ಳುವುದು, ಮಾತ್ರೆಗಳನ್ನು ಕತ್ತರಿಸಿ ಕೊಂಡರೂ ಹೆಸರು, ಬ್ಯಾಚು, ಅವಧಿ ಮೂರನ್ನೂ ಆ ಬಿಲ್ಲಿನಲ್ಲಿ ಬರೆಯಿಸಿಕೊಳ್ಳುವುದು, ಕಾಯಿಲೆ ಪೂರ್ತಿ ವಾಸಿಯಾಗುವವರೆಗೆ ಸೀಸೆಯನ್ನು ಎಸೆಯದಿರುವುದು. ಚೀಟಿಯಿಲ್ಲದ ಔಷಧವನ್ನು ಪರೀಕ್ಷೆಮಾಡಿ ಕೆಟ್ಟದ್ದೆಂದು ತಿಳಿದರೂ, ಅದನ್ನು ಯಾರ ತಲೆಗೆ ಕಟ್ಟುವುದು?

ಮುಂದಿನ ಭಾನುವಾರ ನೆರೆಯವರು ಮತ್ತೆ ಬಂದರು. ಕೈಯಲ್ಲಿ ಮೊಮ್ಮಗನ ಕೆಮ್ಮಿನ ಔಷಧದ ಅರ್ಧ ಉಳಿದ ಸೀಸೆ. "ರಾಯರೇ, ಬ್ಯಾಚಿನ ಸಂಖ್ಯೆ ಎಲ್ಲಿದೆ, ಸ್ವಲ್ಪ ನೋಡಿ, ನನ್ನ ಕಣ್ಣಿಗೆ ಕಾಣಿಸುತ್ತಿಲ್ಲ" ಎಂದರು. ಕನ್ನಡಕ ಹಾಕಿಕೊಂಡು ನಾವೂ ಸೀಸೆಯನ್ನು ಸುತ್ತಲೂ ತಿರುಗಿಸಿ ನೋಡಿದೆವು. ಅಂಗಡಿಯವರು ಸರಿಯಾಗಿ ಅದರ ಮೇಲೆಯೇ ತಮ್ಮ ಬೆಲೆಯ ಚೀಟಿಯನ್ನು ಅಂಟಿಸಿದ್ದರು. ಹುಡುಗಿ ಅದನ್ನು ಬಿಸಿನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸುತ್ತಿದ್ದಳು, ನಾವು ಈ ಲೇಖನವನ್ನು ಬರೆಯಲು ಒಳಗೆ ಹೋದೆವು.